ಉಪ್ಪಿನ ಮಗ್ಗುಲು

"ಉಪ್ಪಿನ ಕೆಳಗೆ ಪದರ ಉಬ್ಬಿದೆಯಲ್ಲ, ಅಲ್ಲೇ ಕೊರೀಬೇಕು," ಎಂದಳು ಅವಳು, ಪರದೆಯ ಮೇಲಿನ ಭೂಗರ್ಭದ ಚಿತ್ರಕ್ಕೆ ಬೆರಳಿಟ್ಟು.

ಮುಖ್ಯಸ್ಥ ನಕ್ಕ. ಅವನು ನಕ್ಕನೆಂದು ಮೇಜಿನ ಸುತ್ತ ಕೂತಿದ್ದವರೂ ನಕ್ಕರು. ಕಚೇರಿಯಲ್ಲಿ ಮುಖ್ಯಸ್ಥ, ಮನೆಯಲ್ಲಿ ಅವಳ ಗಂಡ. ಎರಡು ಕಡೆಯೂ ಅದೇ ನಗು.

ಹಿಂದಿನ ಎರಡು ಬಾವಿ ಬೇಡವೆಂದು ಅವಳು ಅಂಗಲಾಚಿದ್ದಳು. ಕೊರೆಸಿದ. ಎರಡೂ ಬರಿದು. ಇದರಲ್ಲೂ ಎಣ್ಣೆ ಸಿಗದಿದ್ದರೆ ಕಚೇರಿಗೆ ಬೀಗ. ಅವಳು ಅರ್ಧ ಆಯುಷ್ಯ ಸವೆಸಿ ಓದಿದ ಈ ನೆಲ ಆಮೇಲೆ ಯಾರಿಗೂ ಬೇಡ.

"ಪಾಠ ಹೇಳ್ಲಾ ಮೇಡಂ?" ಕಚೇರಿಯಲ್ಲಿ ಅವನು ಮೇಡಂ ಎನ್ನುವುದು ಚುಚ್ಚಲಿಕ್ಕೇ. "ಹೂತಿರೋ ಉಪ್ಪು ಮೇಲಿನ ಮಣ್ಣಿನ ಭಾರಕ್ಕೆ ಹಿಂಡಿಕೊಂಡು ಕಂಬದ ಹಾಗೆ ಏಳತ್ತೆ. ಪಕ್ಕದ ನೆಲ ತಗ್ಗಾಗತ್ತೆ, ನದಿ ತಂದ ಮರಳು ಅಲ್ಲಿ ತುಂಬ್ಕೊಳತ್ತೆ. ಕಂಬ ಇನ್ನೂ ಎದ್ದ ಹಾಗೆ ಮರಳಿನ ಪದರ ಅದಕ್ಕೆ ಒರಗಿ ಮೇಲಕ್ಕೆ ಬಾಗತ್ತೆ. ಎಣ್ಣೆ ಅದರೊಳಗೆ ಹತ್ತಿ ಬಂದು, ಉಪ್ಪಿನ ಗೋಡೆಗೆ ತಲೆ ಚಚ್ಚಿಕೊಂಡು ನಿಲ್ಲತ್ತೆ. ಎಲ್ಲಿ? ಮಗ್ಗುಲಲ್ಲಿ!"

"ಮತ್ತೆ ಈ ಉಬ್ಬು?"

"ನೆಲದೊಳಗೆ ಸದ್ದು ಬಿಟ್ಟು, ಪ್ರತಿಧ್ವನಿ ಹಿಡಿದು ಮಾಡಿದ ಚಿತ್ರ ಇದು. ಉಪ್ಪಲ್ಲಿ ಸದ್ದು ವೇಗವಾಗಿ ಓಡತ್ತೆ, ಬೇಗ ವಾಪಸ್ ಬರತ್ತೆ. ಅದಕ್ಕೇ ಸಪಾಟಾಗಿರೋ ಕಲ್ಲೂ ಉಬ್ಬಿದ ಹಾಗೆ ಕಾಣತ್ತೆ. ಮೊದಲ ವರ್ಷದ ಮಕ್ಕಳಿಗೂ ಗೊತ್ತು!"

ಪಕ್ಕದಲ್ಲಿದ್ದ ಕಿರಿಯ ಭೂವಿಜ್ಞಾನಿ ಬಾಯಿ ತೆರೆದಳು. "ಸರ್, ಅಕ್ಕ ಮೊನ್ನೆ..."

ಮೇಜಿನಡಿ ಮುಖ್ಯಸ್ಥನ ಹೆಂಡತಿ ಅವಳ ಕಾಲು ತುಳಿದಳು. "ನೀನು ಸುಮ್ನಿರೇ." ಮತ್ತೆ ಗಂಡನತ್ತ ತಿರುಗಿ, "ನೀವೇನಂದ್ರೂ ನಂದು ಉಬ್ಬೇ."

"ಹಟ ನೋಡ್ರೀ!" ಅವನು ನಕಾಶೆ ಎಳೆದುಕೊಂಡ. "ಮಗ್ಗುಲಲ್ಲೇ ಕೊರೀತೀವಿ. ಇದೋ, ಸಹಿ."

ಮಗ್ಗುಲಲ್ಲಿ ಎಣ್ಣೆ ಸಿಕ್ಕಿತು. ಕಚೇರಿ ಉಳಿಯಿತು. ಮುಖ್ಯಸ್ಥನನ್ನು ಹೊಗಳಿ ಅಟ್ಟಕ್ಕೇರಿಸಿದರು. "ನಮ್ಮನೆಯವಳ ಮಾತು ಕೇಳಿದ್ರೆ ಎಲ್ಲರೂ ಗಂಟುಮೂಟೆ ಕಟ್ಟಬೇಕಿತ್ತು," ಎಂದ ಅವನು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಅವಳೂ ನಕ್ಕಳು.

ಕಿರಿಯವಳಿಗೆ ತಡೆಯಲಾಗಲಿಲ್ಲ. ಕ್ಯಾಂಟೀನಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದಳು. "ಆ ಉಬ್ಬು ಸುಳ್ಳು ಅಂತ ನನಗೆ ಕಲಿಸಿದ್ದೇ ನೀವು. ಮಗ್ಗುಲಲ್ಲಿ ಎಣ್ಣೆ ಇರತ್ತೆ ಅಂತ ಗೆರೆ ಎಳೆದು ತೋರಿಸಿದ್ದೂ ನೀವೇ. ಮತ್ಯಾಕಕ್ಕಾ ಹಾಗಂದ್ರಿ?"

ಅವಳು ಚಹಾಕ್ಕೆ ಸಕ್ಕರೆ ಕಲಕಿದಳು.

"ಮಗ್ಗುಲು ಅಂತ ನಾನಂದಿದ್ರೆ, ಮಹಾನುಭಾವರು ಉಬ್ಬನ್ನೇ ಕೊರೆಸ್ತಿದ್ರು ಕಣೇ."