ಮಧ್ಯಾಹ್ನದ ಗೊಂಬೆಗಳು

ಗಂಡನ ಅಂಗಿ ಜೇಬಿನಲ್ಲಿ ಸಿಕ್ಕ ಚೀಟಿಯನ್ನು ಖತೀಜಾ ಮೂರು ಸಲ ಓದಿದಳು. ರಾಮನಗರದ ಒಬ್ಬ ನರರೋಗ ಡಾಕ್ಟರದು. ಹೆಸರು ಬರೆಯುವ ಜಾಗ ಖಾಲಿ. ಕೆಳಗೆ ಎರಡೇ ಸಾಲು: ‘ಗುರುವಾರ ಸಂಜೆ ನಾಲ್ಕು. ದಣಿದಿರುವಾಗಲೇ ನೋಡಬೇಕು.’

ಅಂದರೆ ಅವಳ ಅನುಮಾನ ಸುಳ್ಳಲ್ಲ. ಹುಸೇನನಿಗೆ ಅವನ ಅಪ್ಪನ ಕಾಯಿಲೆಯೇ ಬಂದಿದೆ. ಅದನ್ನು ಮುಚ್ಚಿಡುತ್ತಿದ್ದಾನೆ.

ಮಾವನನ್ನು ಅವಳು ಮರೆತಿರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದರಲ್ಲಿ ಅವರದು ಎತ್ತಿದ ಕೈ. ಮೊದಲು ಉಳಿ ಜಾರಿತು, ಆಮೇಲೆ ಚಹಾದ ಲೋಟ ಜಾರಿತು. ಎರಡೇ ವರ್ಷದಲ್ಲಿ ಹಾಸಿಗೆ ಹಿಡಿದರು. ಕೊನೆಕೊನೆಗೆ ಗುಟುಕು ನೀರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಚಮಚ ಹಿಡಿದು ಪಕ್ಕದಲ್ಲಿ ಕೂತವಳು ಇವಳೇ.

ಹುಸೇನನದು ಶುರುವಾದದ್ದು ಗೊಂಬೆಗಳಿಂದ. ಮನೆಯ ಮುಂದಿನ ಕೋಣೆಯಲ್ಲಿ ಲೇತ್ ಮಷಿನ್ ಇತ್ತು. ಅವನು ಮರ ಕಡೆದು ಅರಗಿನ ಬಣ್ಣ ಹಚ್ಚಿ ಕೊಟ್ಟರೆ, ನಡುಮನೆಯಲ್ಲಿ ಕೂತು ಕಣ್ಣು, ಹುಬ್ಬು, ಬಾಯಿ ಬರೆಯುವುದು ಖತೀಜಾ. ಇಪ್ಪತ್ತೆರಡು ವರ್ಷದಿಂದ ಹೀಗೇ. ತಲೆ ದುಂಡಗಿದ್ದರೆ ಕಣ್ಣು ತಾನಾಗಿಯೇ ಕೂರುತ್ತದೆ ಎನ್ನುವುದು ಅವಳ ನಂಬಿಕೆ. ಈಚೆಗೆ ಕೂರುತ್ತಿರಲಿಲ್ಲ. ಹೆದ್ದಾರಿ ಬದಿಯಲ್ಲಿ ಗೊಂಬೆ ಅಂಗಡಿ ಇಟ್ಟಿದ್ದ ಮುನಿಕೃಷ್ಣ ಒಂದು ಪೆಟ್ಟಿಗೆ ತುಂಬ ಗೊಂಬೆ ವಾಪಸ್ ತಂದು ಜಗಲಿ ಮೇಲಿಟ್ಟಿದ್ದ.

“ಏನ್ ಹುಸೇನಣ್ಣ, ಮದುಮಗನ್ ಮೊಖ ಹಿಂಗ್ ಸೊಟ್ಟಕ್ಕೆ ಐತಲ್ಲ? ಯಾರ್ ತಕತಾರೆ ಇದ್ನ?”

ಹುಸೇನ್ ತಲೆ ತಗ್ಗಿಸಿದ. “ತಪ್ಪು ನಂದೇ ಕಣಪ್ಪ. ಒಸಿ ದಿನ ತಡಿ, ಸರಿ ಮಾಡಿಸ್ತೀನಿ.”

ಅಂದಿನಿಂದ ಖತೀಜಾ ಕಾದು ನೋಡತೊಡಗಿದಳು. ಬೆಳಗಿನ ಗೊಂಬೆಗಳಲ್ಲಿ ಕುಂದು ಹುಡುಕಿದರೂ ಸಿಗದು. ಊಟವಾದ ಮೇಲಿನವೇ ಕೆಟ್ಟವು. ಬಾಗಿಲಲ್ಲಿ ನಿಂತು ನೋಡಿದರೆ, ಲೇತಿನಲ್ಲಿ ತಿರುಗುವ ಮರದ ಅಂಚು ಎರಡೆರಡು ಗೆರೆಯಾಗಿ ಓಲಾಡುತ್ತಿತ್ತು. ಉಳಿ ಹಿಡಿದ ಕೈ ಸಡಿಲವಾಗದೆ ಹೀಗಾಗುವುದುಂಟೆ?

ಬಟ್ಟೆ ಹಿಂಡುವುದು ಅವನ ಪಾಲಿನ ಕೆಲಸ. ಅದಕ್ಕೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ತಂತಿಗೆ ಹಾಕಲು ಎತ್ತಿದರೆ ಚಾದರ ನೆನೆದ ಗೋಣಿಚೀಲದಂತೆ ಭಾರ. ನಾಲ್ಕನೆಯ ಬಟ್ಟೆಯ ಹೊತ್ತಿಗೆ ಅವಳ ತೋಳು ಸೋತು ಕೆಳಗಿಳಿಯುತ್ತಿತ್ತು. ಮಾಂಸ ಆರಿಸುವುದರಲ್ಲೂ ಎಡವುತ್ತಿದ್ದ. ಎಳೆಯದು ಎಂದು ತಂದದ್ದನ್ನು ಅಗಿದೂ ಅಗಿದೂ ಸಾಕಾಗಿ, ಅವಳು ಗಲ್ಲಕ್ಕೆ ಕೈ ಕೊಟ್ಟು ಕೂರಬೇಕಾಗುತ್ತಿತ್ತು. ಕಿವಿಯೂ ಮಂದವಾಗುತ್ತಿತ್ತೇನೋ. ಸಂಜೆಯಾಯಿತೆಂದರೆ, ಅವಳು ಏನು ಹೇಳಿದರೂ “ಏನಂದೆ?” ಎಂದು ಎರಡೆರಡು ಸಲ ಕೇಳುತ್ತಿದ್ದ.

ಎಲ್ಲಕ್ಕಿಂತ ಹೆದರಿಸಿದ್ದು ಅವನ ನೋಟ. ಅವಳು ಕುಂಚ ಹಿಡಿದು ಕೂತಾಗ ಮಷಿನ್ ನಿಲ್ಲಿಸಿ ಬಂದು ಅವಳ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಬಿಟ್ಟು ಹೋಗುವವರು ಹಾಗೆ ನೋಡುತ್ತಾರೆ. ಅವನಿಲ್ಲದ ಮನೆಯನ್ನು ನೆನೆದು ಅವಳು ಕುಂಚ ಕೆಳಗಿಡುತ್ತಿದ್ದಳು.

ಈಗ ಚೀಟಿ ಕೈಯಲ್ಲೇ ಇತ್ತು. ಕೇಳಿಯೇಬಿಟ್ಟಳು. “ಇದೇನ್ರೀ? ನನ್ ಹತ್ರಾನೂ ಮುಚ್ಚಿಡ್ತೀರಾ?”

ಹುಸೇನ್ ಚೀಟಿ ಇಸಿದುಕೊಂಡು ಮಡಿಸಿ ಜೇಬಿಗಿಟ್ಟ. “ನೀನ್ ಹೆದರ್ಕತೀಯ ಅಂತ ಹೇಳ್ಲಿಲ್ಲ. ಅಬ್ಬಾನ್ನ ನೋಡಿದ್ದೀಯಲ್ಲ.”

“ಗುರುವಾರ ನಾನೂ ಬತ್ತೀನಿ.”

“ಹೂಂ. ನೀನ್ ಬರ್ದೆ ಆಗಕಿಲ್ಲ.”

ಗುರುವಾರ ಬೆಳಿಗ್ಗೆ ಅವನು ವಾಪಸ್ ಬಂದ ಪೆಟ್ಟಿಗೆಯಿಂದ ಒಂದೇ ಒಂದು ಮದುಮಗನ ಗೊಂಬೆ ಆರಿಸಿ, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಊಟವಾಯಿತು, ಎರಡೂವರೆಯಾಯಿತು, ಆಸಾಮಿ ಏಳುವುದಿಲ್ಲ.

“ಆ ಸಾಲು ಬರ್ದು ಮುಗ್ಸ್ಬುಡು. ಆಮೇಲೆ ಹೋಗವಾ,” ಎಂದ.

ಹೆದರಿಕೊಂಡು ಹೊತ್ತು ಕಳೆಯುತ್ತಿದ್ದಾನೆ, ಪಾಪ. ಅವಳು ಗಲ್ಲ ಮೇಲೆತ್ತಿಕೊಂಡು ಒಂದೊಂದೇ ಕಣ್ಣು ಬರೆದು ಮುಗಿಸಿದಳು. ಬಸ್ಸಿನ ಮೆಟ್ಟಿಲಲ್ಲಿ ಅವನು ಅವಳ ಮೊಣಕೈ ಹಿಡಿದುಕೊಂಡ. ಆಸರೆ ಬೇಕಾಗಿದೆಯೆಂದು ಅವಳು ಕೈ ಬಿಗಿಮಾಡಿ ನಿಂತಳು.

ಡಾಕ್ಟರ್ ಸುಚಿತ್ರಾ ಇನ್ನೂ ಚಿಕ್ಕ ವಯಸ್ಸಿನವರು. ಹುಸೇನ್ ಕರವಸ್ತ್ರ ಬಿಚ್ಚಿದ. ಮೇಜಿನ ಮೇಲೆ ಇಬ್ಬರು ಮದುಮಗಂದಿರು ಹೆಗಲಿಗೆ ಹೆಗಲು ಅಂಟಿಸಿಕೊಂಡು ನಿಂತರು.

ಖತೀಜಾಳಿಗೆ ತಡೆಯಲಾಗಲಿಲ್ಲ. “ಇವ್ರನ್ನ ಉಳಿಸ್ಕೊಡಿ ಡಾಕ್ಟ್ರೇ. ಬೆಳಿಗ್ಗೆ ಚೆನ್ನಾಗಿರ್ತಾರೆ. ಸಂಜೆ ಆಯ್ತಾ ಆಯ್ತಾ ಕೈಲಿ ಶಕ್ತೀನೇ ಇರಕಿಲ್ಲ…” ಹೇಳುತ್ತ ಹೇಳುತ್ತ ಮಾತು ಮೂಗಿನಿಂದ ಹೊರಡತೊಡಗಿತು. ಅಳು ಬಂದಿರಬೇಕು ಎಂದುಕೊಂಡು ಸುಮ್ಮನಾದಳು.

ಡಾಕ್ಟರ್ ಒಂದು ಬೆರಳನ್ನು ಮೇಲಕ್ಕೆತ್ತಿ ಹಿಡಿದರು. “ಇದನ್ನೇ ನೋಡ್ತಾ ಇರಿ. ಒಂದು ನಿಮಿಷ. ಕಣ್ಣು ಕೆಳಗಿಳಿಸಬೇಡಿ.”

ಹುಸೇನ್ ಬೆರಳಿನತ್ತ ನೋಡಲೇ ಇಲ್ಲ. ಖತೀಜಾ ಅವನನ್ನು ತಿವಿದಳು. “ರೀ, ನೋಡ್ರೀ!”

“ಅವರಿಗಲ್ಲಮ್ಮ, ನಿಮಗೆ ಹೇಳಿದ್ದು,” ಎಂದರು ಡಾಕ್ಟರ್.

ಅವಳು ನೋಡಿದಳು. ಅರ್ಧ ನಿಮಿಷವೂ ಆಗಿರಲಿಲ್ಲ, ಬಲಗಣ್ಣಿನ ರೆಪ್ಪೆ ಅಂಗಡಿಯ ಶಟರ್ ಇಳಿದಂತೆ ಇಳಿಯಿತು. ಎತ್ತಲು ಹೋದಳು, ಆಗಲಿಲ್ಲ. ಮಾವನ ಒಣಗಿದ ತುಟಿ, ಚಮಚ, ಪಕ್ಕದಲ್ಲೇ ಸೋರಿ ಹೋದ ನೀರು, ಎಲ್ಲವೂ ಒಟ್ಟಿಗೇ ನೆನಪಾದವು.

“ಅಬ್ಬಾಂದೇ ಕಾಯಿಲೇನಾ?” ಹುಸೇನ್ ಕೇಳಿದ.

“ಮೊದಲು ಇದೊಂದು ನೋಡೋಣ,” ಎನ್ನುತ್ತ ಡಾಕ್ಟರ್ ಬಟ್ಟೆಯಲ್ಲಿ ಸುತ್ತಿದ ಐಸ್ ತುಂಡನ್ನು ಅವನಿಗೇ ಕೊಟ್ಟರು. ಅವನು ಅದನ್ನು ಎರಡು ನಿಮಿಷ ಅವಳ ರೆಪ್ಪೆಯ ಮೇಲೆ ಒತ್ತಿ ಹಿಡಿದ. ಆ ಕೈ ಒಂದಿಷ್ಟೂ ಅಲುಗಲಿಲ್ಲ.

ಐಸ್ ತೆಗೆದಾಗ ಅವಳ ಕಣ್ಣು ತೆರೆಯಿತು. “ಐಸ್‌ಗೆ ಏಳೋ ರೆಪ್ಪೆ ಅಂದ್ರೆ ನಿಮ್ಮ ತಂದೆಯ ಕಾಯಿಲೆ ಅಲ್ಲ, ಇದಕ್ಕೆ ಮಾತ್ರೆ ಇದೆ,” ಎಂದರು ಡಾಕ್ಟರ್. ಮೇಜಿನ ಮೇಲೆ ಒಬ್ಬನೇ ಮದುಮಗ ನಿಂತಿದ್ದ, ದುಂಡಗೆ ಕಡೆದ ತಲೆಯ ಮೇಲೆ ಅವಳೇ ಬರೆದ ಸೊಟ್ಟ ಕಣ್ಣುಗಳಿಂದ ಅವಳನ್ನೇ ನೋಡುತ್ತ.