ಸೊಳ್ಳೆ ಪರದೆ

ಮೂರನೆಯ ಬೆಳಿಗ್ಗೆಯೂ ಬಲೆ ಬರಿದಾಗಿಯೇ ಮೇಲೆ ಬಂತು. ಕಳೆ ಬಿಟ್ಟರೆ ಒಂದು ಹರಿದ ಚಪ್ಪಲಿ. ಕೆರೆಯ ಮೀನು ಸಮೀಕ್ಷೆಗೆ ಬಂದಿದ್ದ ತಾರಾ ನಮೂನೆಯಲ್ಲಿ ಮೂರನೆಯ ಸೊನ್ನೆ ಬರೆಯಲು ಪೆನ್ನು ತೆಗೆದಳು. ಮೂರು ಸೊನ್ನೆ ಬಿದ್ದರೆ ಕೆರೆಯಲ್ಲಿ ಮೀನಿಲ್ಲ ಎಂದು ಲೆಕ್ಕ. ಮೀನಿಲ್ಲದ ಕೆರೆಗೆ ಮಣ್ಣು ಸುರಿಯಲು ಯಾರ ತಕರಾರೂ ಇಲ್ಲ. ಆಚೆ ದಡದಲ್ಲಿ ಸಾಫ್ಟ್‌ವೇರ್ ಕಂಪನಿಯ ಕಟ್ಟಡ ಆರನೆಯ ಮಹಡಿ ಮುಟ್ಟಿತ್ತು, ಮುಂದಿನ ಕಟ್ಟಡಕ್ಕೆ ಜಾಗ ಬೇಕಿತ್ತು. ಸಂಜೆಯೊಳಗೆ ವರದಿ ಬೇಗಂಪೇಟೆಯ ಕಚೇರಿ ಸೇರಬೇಕು. ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀನು ಉಳಿಸುವುದನ್ನೇ ಓದಿ ಬಂದವಳೇ ಅದನ್ನು ಬರೆಯಬೇಕಿತ್ತು.

"ಮೀನು ಅದಾವ್ರಿ," ಎಂದಳು ಸುಗಲಮ್ಮ. ಗುಡಿಸಲ ಮುಂದೆ ಪಾತ್ರೆ ತಿಕ್ಕುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. ಭೀಮಾ ದಂಡೆಯಿಂದ ಬಂದು, ಗಂಡನೊಂದಿಗೆ ಅದೇ ಕಟ್ಟಡಕ್ಕೆ ಇಟ್ಟಿಗೆ ಹೊರುವ ಹೆಂಗಸು. "ನಿಮ್ಮ ಬಲಿ ಕಣ್ಣು ಭಾಳ ದೊಡ್ಡವು. ಮರಿ ಎಲ್ಲಿ ಸಿಗ್ತಾವ?"

"ಸಣ್ಣ ಕಣ್ಣಿನ ಬಲೆ ಹಾಕುವ ಹಾಗಿಲ್ಲ. ಕಾನೂನು."

"ಅದಕ್ಕ ಅಲ್ಲೇನ್ರಿ ನನ್ನ ಪರದಿ ಒಯ್ದಿದ್ದು."

ಹೋದ ತಿಂಗಳು ತಾರಾ ಮೀನುಗಾರಿಕೆ ಇಲಾಖೆಯವರೊಂದಿಗೆ ಬಂದು, ಸೊಳ್ಳೆ ಪರದೆಯಲ್ಲಿ ಮರಿ ಬಾಚುತ್ತಿದ್ದ ಇದೇ ಸುಗಲಮ್ಮನಿಗೆ ಅರ್ಧ ಗಂಟೆ ಉಪದೇಶ ಮಾಡಿ, ಪರದೆ ಕಸಿದು, ಅದಕ್ಕೆ ಜಪ್ತಿಯ ಚೀಟಿ ಕಟ್ಟಿಸಿದ್ದಳು. ಆ ಪರದೆ ಇನ್ನೂ ಜೀಪಿನ ಹಿಂದಿನ ಸೀಟಿನಡಿ ಬಿದ್ದಿತ್ತು. ಹೋಗಿ ತಂದಳು.

"ಎಲ್ಲಿ ಅಂತ ತೋರಿಸ್ತೀರಾ?"

ಸುಗಲಮ್ಮ ಕೈ ಒರೆಸಿಕೊಂಡಳು. "ಕೆರಿ ಮುಚ್ಚಿದ್ರ ನಮ್ಮ ಮನಿಯವ್ರಿಗೆ ಇನ್ನ ಎರಡು ವರ್ಷ ಕೆಲಸ ಐತ್ರಿ. ಮೇಸ್ತ್ರಿ ಹೇಳ್ಯಾನ."

ಅವರಿಗೆ ಕೊಡಲು ತಾರಾಳ ಬಳಿ ಯಾವ ಕೆಲಸವೂ ಇರಲಿಲ್ಲ. ಪರದೆಯನ್ನು ಸುಗಲಮ್ಮನ ಮುಂದೆ ಚಾಚಿದಳು.

"ಬರ್ರಿ," ಎಂದಳು ಸುಗಲಮ್ಮ ಕೊನೆಗೆ. ಚೀಟಿ ಬಿಚ್ಚಿ ನಡುವಿಗೆ ಸಿಕ್ಕಿಸಿಕೊಂಡು ಸೀರೆ ಎತ್ತಿ ಕಟ್ಟಿದಳು. "ಇರೋದನ್ನ ಇಲ್ಲ ಅಂತ ಬರದ್ರ ಹೆಂಗ್ರಿ?"

ಜೊಂಡಿನ ಬುಡದಲ್ಲಿ ಇಬ್ಬರೂ ಎರಡೆರಡು ಮೂಲೆ ಹಿಡಿದು ಪರದೆಯನ್ನು ಮೆಲ್ಲಗೆ ಎತ್ತಿದರು. ಕುಂಕುಮ ಕದಡಿದ ಹಾಗೆ ಕೊರಮೀನಿನ ಕೆಂಪು ಮರಿಗಳು, ನೂರಾರು. ತಾರಾ ನಕ್ಕೇಬಿಟ್ಟಳು. ಬಕೆಟ್ಟಿನಲ್ಲಿಟ್ಟು ಫೋಟೋ ತೆಗೆದು, ಒಂದೂ ಸಾಯದಂತೆ ಮತ್ತೆ ನೀರಿಗೆ ಬಿಟ್ಟರು.

ದಡದಲ್ಲಿ ಕುಳಿತು, ಸೊನ್ನೆ ಬೀಳಬೇಕಿದ್ದ ಕಡೆ ‘ಮರಿಗಳು, ಮುನ್ನೂರಕ್ಕೂ ಹೆಚ್ಚು’ ಎಂದು ಬರೆದಳು. ಕೆಳಗೆ ಅಚ್ಚಾದ ಸಾಲೊಂದಿತ್ತು: ‘ನಿಷೇಧಿತ ಬಲೆ ಬಳಸಿಲ್ಲ.’ ಅದರಡಿ ರುಜು ಹಾಕಿದರೆ ಸುಳ್ಳು. ಸಾಲನ್ನು ಹೊಡೆದರೆ ವರದಿಯೇ ಕಸದ ಬುಟ್ಟಿಗೆ ಹೋದೀತು, ಹಿಂದೆಯೇ ತನ್ನ ಕೆಲಸವೂ. ಪೆನ್ನು ಅಲ್ಲೇ ನಿಂತಿತು.

ಪರದೆ ಹಿಂಡಿ ಹರವಿದ ಸುಗಲಮ್ಮ ನಡುವಿನಿಂದ ಚೀಟಿ ತೆಗೆದಳು. "ಇದರಾಗ ಏನ್ ಬರದೀರಿ?"

ತಾರಾ ತಗ್ಗಿದ ದನಿಯಲ್ಲಿ ಓದಿದಳು: "ನಿಷೇಧಿತ ಬಲೆ. ಮರಿ ಹಿಡಿದವರು, ಸುಗಲಮ್ಮ."

"ಹಂಗಾರ ಇವತ್ತಿಂದು ನಿಮ್ಮ ಹೆಸರಿಲೆ ಬರೀರಿ."

ತಾರಾ ಅಚ್ಚಾದ ಸಾಲನ್ನು ಹೊಡೆದು ಹಾಕಿದಳು. ಚೀಟಿಯಲ್ಲಿದ್ದ ಸುಗಲಮ್ಮನ ಹೆಸರನ್ನೂ ಹೊಡೆದು, ಅಲ್ಲಿ ತನ್ನ ಹೆಸರು ಬರೆದು, ವರದಿಗೆ ಪಿನ್ನು ಚುಚ್ಚಿದಳು.