ಸೂರಪೇಟಿಯ ಪರಸಪ್ಪ

ಪರಸಪ್ಪನ ತುಟಿಗಳು ಮತ್ತೆ ಅಲುಗಾಡುತ್ತಿದ್ದವು. ರಂಗದ ಮೇಲೆ ಹಾಡುತ್ತ ನಿಂತಿದ್ದ ಮಲಕವ್ವ ಓರೆಗಣ್ಣಿನಲ್ಲಿ ಅದನ್ನು ಕಂಡಳು. ಅವನು ರಂಗದ ಕೆಳಗೆ, ಹಾರ್ಮೋನಿಯಂ ಪಕ್ಕದ ಕತ್ತಲಲ್ಲಿ, ತಲೆತುಂಬ ಶಾಲು ಹೊದ್ದು ಶ್ರುತಿ ಹಿಡಿಯುವ ಸೂರಪೇಟಿ ಒತ್ತುತ್ತ ಕೂತಿದ್ದ. ಅವಳು ಮಾತಾಡುವಾಗ ಆ ಬಾಯಿ ಸುಮ್ಮನಿರುತ್ತಿತ್ತು. ಹಾಡು ಹಿಡಿದಳೋ, ತುಟಿಗಳು ಪಿಟಿಪಿಟಿ ಎನ್ನತೊಡಗುತ್ತಿದ್ದವು. ಇದು ಮಂತ್ರವಲ್ಲದೆ ಮತ್ತೇನು?

ಹಾಡು ಮುಗಿಯಿತು. ತಗಡಿನ ಥಿಯೇಟರು ‘ವನ್ಸ್ ಮೋರ್’ ಎಂದು ಗುಡುಗಿತು. ಮಲಕವ್ವ ಕೈಮುಗಿದು ಮತ್ತೆ ಅದೇ ಹಾಡನ್ನು ಹಾಡಿದಳು, ಕಣ್ಣು ಮಾತ್ರ ಆ ತುಟಿಗಳ ಮೇಲೆಯೇ.

ಅದು ಸಾವಿರದ ಒಂಬೈನೂರ ಅರವತ್ತೊಂದು. ವಿಜಾಪುರದ ಗಾಂಧಿ ಚೌಕದ ಗೋಡೆಗೋಡೆಗೂ ‘ಮಮದಾಪುರದ ಮಲಕವ್ವ’ ಎಂಬ ಪೋಸ್ಟರು. ಎಮ್ಮೆ ಕಾಯುವ ಮನೆಯ ಹುಡುಗಿ ಹಾಡಿ ಹಾಡಿಯೇ ಆ ಗೋಡೆ ಏರಿದ್ದಳು. ರೂಪ ಸಾಧಾರಣ, ಅಭಿನಯ ಅಷ್ಟಕ್ಕಷ್ಟೇ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು. ದೇವರು ಕೊಟ್ಟದ್ದು ಗಂಟಲೊಂದನ್ನೇ. ಅದು ಹೋದರೆ ನಾಟಕ ಕಂಪನಿಯೂ ಇಲ್ಲ, ಪೋಸ್ಟರೂ ಇಲ್ಲ. ಮತ್ತೆ ಎಮ್ಮೆಯ ಬಾಲವೇ ಗತಿ.

ಪರಸಪ್ಪನಿಗೆ ಅವಳ ಮೇಲೆ ಹಗೆ ಇರಲು ಕಾರಣವೂ ಇತ್ತೆನ್ನಿ. ಮೊದಲು ಸೀರೆ ಉಟ್ಟು, ಜಡೆ ಇಳಿಬಿಟ್ಟು ಕಂಪನಿಯ ನಾಯಕಿಯಾಗುತ್ತಿದ್ದವನು ಅವನೇ. ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬೇಕೆಂದು ಜನ ಹಟ ಹಿಡಿದಾಗ ಮಾಲೀಕ ಬಸಗೊಂಡಪ್ಪ ಮಲಕವ್ವನನ್ನು ಕರೆತಂದ, ಪರಸಪ್ಪನನ್ನು ಮನೆಗೆ ಕಳಿಸಿದ. ಆದರೆ ಟಿಕೋಟಾ ಕ್ಯಾಂಪಿನಲ್ಲಿ ಮಲಕವ್ವ ವಿಷಮಶೀತ ಜ್ವರದಿಂದ ಎದ್ದು ಬಂದು ನೋಡುತ್ತಾಳೆ, ಅದೇ ಮನುಷ್ಯ ಸೂರಪೇಟಿಯ ಮುಂದೆ ಕೂತಿದ್ದಾನೆ! ಪಾಪ, ಹೊಟ್ಟೆಪಾಡು ಎಂದ ಬಸಗೊಂಡಪ್ಪ. ಜ್ವರದ ಮೈ, ಗಂಟಲಿಗೆ ಆಯಾಸ ಮಾಡಿಕೊಳ್ಳಬೇಡ, ಮೆತ್ತಗೆ ಹಾಡಿದರೆ ಸಾಕು, ಹೊಸ ಮೈಕು ತಂದಿದ್ದೇನೆ ಎಂದೂ ಹೇಳಿದ. ಮೈಕು ನಿಜಕ್ಕೂ ಚೆನ್ನಾಗಿತ್ತು. ಮೆತ್ತಗೆ ಹಾಡಿದರೂ ಹಾರ್ನಿನಿಂದ ಹಾಡು ಊರಾಚೆಯ ಹೊಲದವರೆಗೆ ಹೋಗುತ್ತಿತ್ತು.

ಬಬಲೇಶ್ವರದ ಕ್ಯಾಂಪಿನಲ್ಲಿ ಒಂದು ದಿನ ಧೈರ್ಯ ಮಾಡಿ ಅವನನ್ನು ತಡೆದು, ನಾನು ಹಾಡುವಾಗ ಅದೇನು ಗೊಣಗುತ್ತೀ ಎಂದು ಕೇಳಿಯೇಬಿಟ್ಟಳು. ಪರಸಪ್ಪ ನೆಲ ನೋಡಿದ.

“ನಿಮ್ಮ ಹಾಡು ನನ್ನ ಗಂಟಲದಾಗ ಕುಂತೈತ್ರಿ, ಅಕ್ಕಾರ. ಬಿಡು ಅಂದ್ರೂ ಬಿಡವಲ್ದು.”

ಆ ಮಾತು ಕೇಳಿದ ಮೇಲೆ ಅವಳಿಗೆ ಅನ್ನ ಸೇರಲಿಲ್ಲ.

ವಿಜಾಪುರಕ್ಕೆ ಬಂದ ವಾರವೇ ಅನುಮಾನ ಖಾತ್ರಿಯಾಯಿತು. ಬಣ್ಣ ಹಚ್ಚುವ ಶಹಜಾದಿ ಅವಳನ್ನು ಗೋಳಗುಮ್ಮಟ ನೋಡಲು ಕರೆದೊಯ್ದಿದ್ದಳು. ಮೇಲೆ ಹತ್ತಿದವರೆಲ್ಲ ಕೂಗುವುದೇನು, ಚಪ್ಪಾಳೆ ತಟ್ಟುವುದೇನು! ಮಲಕವ್ವನಿಗೂ ಆಸೆಯಾಯಿತು. ಗೋಡೆಗೆ ಮುಖ ಮಾಡಿ ತನ್ನ ಹಾಡಿನ ಒಂದು ಸಾಲು ಎತ್ತಿದಳು. ಗುಮ್ಮಟ ಮರಳಿ ಕೊಟ್ಟದ್ದು ಒಂದು ಒಡಕು ಧ್ವನಿ, ಹಂಡೆಯ ತಳ ಕೆರೆದಂಥದು. ಒಮ್ಮೆಯಲ್ಲ, ಮತ್ತೆ ಮತ್ತೆ ಅದೇ. ಅವಳು ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದಳು.

“ಅಂವ ತಗೊಂಡಾನ, ಶಹಜಾದಿ. ನನ್ನ ಧ್ವನಿ ಅಂವ ತಗೊಂಡಾನ.”

ಮೆಟ್ಟಿಲು ಹತ್ತಿದ ದಣಿವು ಅಷ್ಟೇ ಎಂದಳು ಶಹಜಾದಿ. ಹಾಗೆನ್ನುವಾಗ ಅವಳು ಮಲಕವ್ವನ ಮುಖವನ್ನೇ ನೋಡಲಿಲ್ಲ.

ಮಲಕವ್ವ ನೇರ ಬಸಗೊಂಡಪ್ಪನ ಹತ್ತಿರ ಹೋದಳು. ಪರಸಪ್ಪ ಇರಬೇಕು, ಇಲ್ಲವೇ ತಾನಿರಬೇಕು ಎಂದಳು. ಮಾಲೀಕನ ಮುಖ ಬಿಳಿಚಿತು. ಆನೆಯಂಥ ಆಳು, ಸಣ್ಣ ಹುಡುಗನ ಹಾಗೆ ಕೈಮುಗಿದ.

“ಅಂವ ಇಲ್ಲಂದ್ರ ನಿನ್ನ ಹಾಡು ನಡಿಯಂಗಿಲ್ಲ, ಮಲಕವ್ವ. ಇದೊಂದು ಕ್ಯಾಂಪ್ ತಡಕೋ.”

ಅಯ್ಯೋ, ಇವನಿಗೂ ಮಾಟ ತಟ್ಟಿದೆ ಎಂದುಕೊಂಡಳು. ಇನ್ನು ತನ್ನನ್ನು ತಾನೇ ಉಳಿಸಿಕೊಳ್ಳಬೇಕು.

ಉಳಿದವನು ಗೇಟು ಕಾಯುವ ಮೆಹಬೂಬ. ಅವನಿಗೆ ಮಲಕವ್ವನ ಹಾಡೆಂದರೆ ಪ್ರಾಣ. ಅವಳು ಅವನೆದುರು ಅತ್ತೇಬಿಟ್ಟಳು. ಭಾನುವಾರ ಮಧ್ಯಾಹ್ನದ ಆಟದಲ್ಲಿ, ಇಂಟರ್ವಲ್ಲಿಗೆ ಪರಸಪ್ಪ ಚಹಾ ಕುಡಿಯಲು ಹೊರಗೆ ಹೋದಾಗ, ಮೆಹಬೂಬ ಗೇಟಿನ ಅಗಳಿ ಹಾಕಿ ಬೆನ್ನು ಕೊಟ್ಟು ನಿಂತ. ಹೊರಗಿನಿಂದ ಪರಸಪ್ಪ ಬಡಿದ, ಬೇಡಿಕೊಂಡ. ಮೆಹಬೂಬ ಕದಲಲಿಲ್ಲ.

ಪರದೆ ಎದ್ದಿತು. ಮಲಕವ್ವ ಮೊದಲು ನೋಡಿದ್ದು ಹಾರ್ಮೋನಿಯಂ ಪಕ್ಕದ ಜಾಗವನ್ನು. ಖಾಲಿ. ಅವನು ಬಿಟ್ಟುಹೋದ ಶಾಲಿನ ಕೆಳಗಿಂದ ಮೈಕಿನ ತಂತಿಯೊಂದು ಇಣುಕುತ್ತಿತ್ತು. ಬಸಗೊಂಡಪ್ಪ ಪಕ್ಕದ ಪರದೆಯ ಸಂದಿಯಿಂದ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಅತ್ತ ತಿರುಗಲಿಲ್ಲ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು, ಸಂತೋಷಕ್ಕೆ ಕಣ್ಣು ತುಂಬಿದ್ದವು. ಮೆತ್ತಗೆ ಏಕೆ? ಇವತ್ತು ಗಂಟಲು ತೆರೆದು ಹಾಡುತ್ತೇನೆ ಎಂದುಕೊಂಡು ಅವಳು ಮುಂದೆ ಬಂದಳು, ಉಸಿರು ತುಂಬಿಕೊಂಡು ಹಾಡು ಎತ್ತಿದಳು.

“ದೀಪ ಸಣ್ಣ ಮಾಡಬ್ಯಾಡ, ದಾರಿ ಕಾಣಲಿ ಅವಗ...”

ಗುಮ್ಮಟ ಮರಳಿ ಕೊಟ್ಟಿದ್ದ ಅದೇ ಒಡಕು ಧ್ವನಿ. ಯಾರೋ ಕಿಸಕ್ಕೆಂದರು. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು, ಸಿಟ್ಟಿಲ್ಲದೆ, ನ್ಯಾಯ ಕೇಳುವವಳಂತೆ ಹೇಳಿದಳು.

“ಮಲಕವ್ವನ ಸೀರಿ ಉಡಿಸಿ ಇದ್ಯಾರನ್ನ ನಿಲ್ಲಿಸೀರಿ? ನಮಗ ಆ ಹಾಡಾಕಿ ಬೇಕ್ರಿ, ಆಕಿನ್ನ ಕಳಸ್ರಿ.”

ನಾನೇ ಮಲಕವ್ವ ಎನ್ನಲು ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು.

ಅಷ್ಟರಲ್ಲಿ ತಗಡಿನ ಗೋಡೆಯಾಚೆ, ಬಿಸಿಲಿನಲ್ಲಿ ನಿಂತ ಪರಸಪ್ಪ, ಟಿಕೋಟಾದಿಂದ ಇಲ್ಲಿಯವರೆಗೆ ಜನ ಮಲಕವ್ವನದೆಂದು ಕೇಳಿದ ಅದೇ ಧ್ವನಿಯಲ್ಲಿ ಹಾಡಿನ ಎರಡನೆಯ ಸಾಲು ಎತ್ತಿದ. ಥಿಯೇಟರಿಗೆ ಥಿಯೇಟರೇ ‘ವನ್ಸ್ ಮೋರ್’ ಎಂದು ಎದ್ದು ನಿಂತಿತು.